ಗಣಿತತಪಸ್ವಿ ಲಿಯೊನಾರ್ಡ್ ಆಯ್ಲರ್

ಕಣ್ಣಿದ್ದೂ ಕಾಣದವರು ಲೋಕದಲ್ಲಿ ಬಹುಮಂದಿ; ಕಣ್ಣು ಕಳೆದುಕೊಂಡ ಮೇಲೂ ಲೋಕಕ್ಕೆ ದಾರಿ ತೋರಿದವರು ವಿರಳ. ಅಂತಹ ವಿರಳರಲ್ಲಿ ಲಿಯೊನಾರ್ಡ್ ಆಯ್ಲರನು ಅಗ್ರಗಣ್ಯನು.

1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆತನ ಜನನವಾಯಿತು. ತಂದೆ ಪಾಲ್ ಆಯ್ಲರನು ಪಾದ್ರಿ. ಮಗನೂ ಧರ್ಮೋಪದೇಶಕನಾಗಲೆಂಬುದು ಆತನ ಹಂಬಲ. ಬಾಲಕನ ಚಿತ್ತವಾದರೋ ಗಣಿತದಲ್ಲಿ ನೆಟ್ಟಿತ್ತು. ಯೋಹಾನ್ ಬೆರ್ನುಲಿಯಂತಹ ಗುರು ಶನಿವಾರದ ಮಧ್ಯಾಹ್ನಗಳಲ್ಲಿ ಶಿಷ್ಯನ ಸಂದೇಹಗಳನ್ನು ಪರಿಹರಿಸಿದನು. ತಂದೆಯ ಮನವೊಲಿಸಿ ಹುಡುಗನನ್ನು ಗಣಿತಕ್ಕೆ ಬಿಡಿಸಿಕೊಟ್ಟವನೂ ಆತನೇ. ಗುರುವಿನ ಆ ಒಂದು ಮಾತು ವಿಜ್ಞಾನಕ್ಕೆ ಮಹೋಪಕಾರವಾಯಿತು.

1727ರಲ್ಲಿ ಆಯ್ಲರನು ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯನ್ನು ಸೇರಿದನು. 1738ರಲ್ಲಿ ರೋಗಬಾಧೆಯಿಂದ ಬಲಗಣ್ಣಿನ ದೃಷ್ಟಿ ನಷ್ಟವಾಯಿತು. 1741ರಲ್ಲಿ ಬರ್ಲಿನ್ನಿಗೆ ಬಂದಾಗ, ಆಶ್ರಯವಿತ್ತ ದೊರೆ ಎರಡನೆಯ ಫ್ರೆಡರಿಕನೇ ಆ ಒಕ್ಕಣ್ಣನ್ನು ಪರಿಹಾಸ ಮಾಡಿದನು. ಆಯ್ಲರನು ತನ್ನ ಕಾರ್ಯವನ್ನು ಬಿಡಲಿಲ್ಲ.

ನ್ಯೂಟನ್ನನ ನಿಯಮಗಳು ಒಂದು ಕಣದ ಚಲನೆಯನ್ನು ಸ್ಪಷ್ಟವಾಗಿ ತಿಳಿಸಿದ್ದವು. ತಿರುಗುವ ಚಕ್ರದಲ್ಲಾದರೋ ಅಚ್ಚಿನ ಬಳಿಯ ಕಣಕ್ಕೆ ಒಂದು ವೇಗ, ಅಂಚಿನ ಕಣಕ್ಕೆ ಇನ್ನೊಂದು. ಈ ತೊಡಕನ್ನು ಆಯ್ಲರನು 1750ರಿಂದ ಬಿಡಿಸತೊಡಗಿ, 1765ರಲ್ಲಿ ಘನವಸ್ತುಗಳ ಚಲನೆಯ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಮೊಮೆಂಟ್ ಆಫ್ ಇನರ್ಷಿಯ ಎಂಬ ಪರಿಮಾಣಕ್ಕೆ ಹೆಸರಿಟ್ಟವನು ಆತನೇ.

ಆ ತತ್ತ್ವದ ಫಲವನ್ನು ಇಂದಿನ ಪ್ರೌಢ ವಿದ್ಯಾರ್ಥಿಯೂ ಉಣ್ಣುತ್ತಾನೆ. 8 ಕಿಲೋಗ್ರಾಂ ತೂಕದ, 0.5 ಮೀಟರ್ ತ್ರಿಜ್ಯದ, ಎಲ್ಲೆಡೆ ಒಂದೇ ದಪ್ಪವಿರುವ ತಟ್ಟೆಯೊಂದು ನಡುವಿನ ಅಚ್ಚಿನ ಮೇಲೆ ಘರ್ಷಣೆಯಿಲ್ಲದೆ ತಿರುಗಬಲ್ಲುದೆನ್ನೋಣ. ಅಂಚಿನಲ್ಲಿ 10 ನ್ಯೂಟನ್ ಬಲವು ಸ್ಪರ್ಶರೇಖೆಯಲ್ಲಿ ಎಡಸುತ್ತಿಗೆ ಎಳೆಯುತ್ತದೆ; ಅಚ್ಚಿನಿಂದ 0.2 ಮೀಟರ್ ದೂರದಲ್ಲಿ 15 ನ್ಯೂಟನ್ ಬಲವು ಹಾಗೆಯೇ ಬಲಸುತ್ತಿಗೆ ಎಳೆಯುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ, ಇಂದು ಟಾರ್ಕ್ ಎನ್ನುವ ತಿರುಗಿಸುವ ಸಾಮರ್ಥ್ಯವು ಮೊದಲನೆಯದಕ್ಕೆ 5, ಎರಡನೆಯದಕ್ಕೆ 3 ನ್ಯೂಟನ್-ಮೀಟರ್. ದಿಕ್ಕುಗಳು ವಿರುದ್ಧವಾದುದರಿಂದ ಕಳೆದರೆ ಉಳಿಯುವ ನಿವ್ವಳ ಟಾರ್ಕ್ 2, ಎಡಸುತ್ತಿಗೆ. ಕಿರಿಯ ಬಲವೇ ಗೆದ್ದಿತು! ನೇರವಾಗಿ ಅಚ್ಚಿನತ್ತ ನೂಕುವ ಬಲವಾದರೆ, ಎಷ್ಟು ಹಿರಿದಾದರೂ ತಟ್ಟೆಯನ್ನು ತಿರುಗಿಸದು. ತೂಕದ ಅರ್ಧವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದರೆ ತಟ್ಟೆಯ ಮೊಮೆಂಟ್ ಆಫ್ ಇನರ್ಷಿಯ 1 ಕಿಲೋಗ್ರಾಂ-ಚದರ ಮೀಟರ್ ಆಗುತ್ತದೆ. ಅದರಿಂದ ನಿವ್ವಳ ಟಾರ್ಕನ್ನು ಭಾಗಿಸಲು ಕೋನೀಯ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ 2 ರೇಡಿಯನ್ ಎಂದು ದೊರೆಯುತ್ತದೆ.

1766ರಲ್ಲಿ ಆಯ್ಲರನು ಪೀಟರ್ಸ್‌ಬರ್ಗಿಗೆ ಮರಳಿದನು. ಉಳಿದೊಂದು ಕಣ್ಣಿಗೂ ಪೊರೆ ಕವಿಯಿತು. 1771ರ ಶಸ್ತ್ರಚಿಕಿತ್ಸೆಯಿಂದ ಮರಳಿದ ದೃಷ್ಟಿ ಕೆಲದಿನಗಳಲ್ಲೇ ಅಳಿಯಿತು. ಅದೇ ವರ್ಷ ಮನೆಯೂ ಅಗ್ನಿಗೆ ಆಹುತಿಯಾಯಿತು. 1773ರಲ್ಲಿ ಪತ್ನಿ ಕಾಥರೀನಾ ತೀರಿಕೊಂಡಳು. ಇಷ್ಟಾದರೂ ಆ ಧೀಮಂತನು ಲೆಕ್ಕಗಳನ್ನು ಮನಸ್ಸಿನಲ್ಲೇ ಮಾಡಿ, ಮಗನಿಗೂ ಸಹಾಯಕರಿಗೂ ಹೇಳಿ ಬರೆಸಿದನು. ಆತನ ಸಮಗ್ರ ಕೃತಿರಾಶಿಯ ಸುಮಾರು ಅರ್ಧಭಾಗ ಈ ಅಂಧಕಾರದ ವರ್ಷಗಳ ಫಲ.

1783ರ ಸೆಪ್ಟೆಂಬರ್ 18ರಂದು, ಹೊಸದಾಗಿ ಹಾರಿದ ಬಲೂನುಗಳ ಗಣಿತವನ್ನು ಚಿಂತಿಸಿದ ದಿನವೇ, ಆಯ್ಲರನು ದೇಹ ಬಿಟ್ಟನು. ವಿಧಿಯ ಹೊಡೆತಗಳು ಆತನಿಗೆ ಕಡಿಮೆಯಾಗಿರಲಿಲ್ಲ. ಬುದ್ಧಿಯ ಗತಿಯನ್ನು ನಿಲ್ಲಿಸಲು ಮಾತ್ರ ಅವು ಸಾಲಲಿಲ್ಲ. ಬೋಧಿಸುವವರಿಗೂ ಕಲಿಯುವವರಿಗೂ ಆ ಜೀವನವೇ ಒಂದು ಪಾಠ.