ತಂತಿ ಸುತ್ತಿದ ಫ್ಯಾರಡೆ



ಊರಿನ ಟಿ.ಸಿ. ಸುಟ್ಟರೆ ಪಂಪ್‌ಸೆಟ್ ನಿಲ್ಲುತ್ತದೆ, ಮನೆ ಕತ್ತಲಾಗುತ್ತದೆ. ಟಿ.ಸಿ. ಅಂದ್ರೆ ಶಾಲೆ ಬಿಡುವಾಗ ಕೊಡೋ ಟಿ.ಸಿ. ಅಲ್ಲ, ಟ್ರಾನ್ಸ್‌ಫಾರ್ಮರ್! ಅದರ ದಾರಿ ತೋರಿಸಿದ ಮೈಕೆಲ್ ಫ್ಯಾರಡೆಯವರ ಜೀವನವನ್ನು ಈ ಸಲ ನಾನು ಬರೆಯುತ್ತಿದ್ದೇನೆ.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಲಂಡನ್ ಹತ್ತಿರ ಹುಟ್ಟಿದರು. ತಂದೆ ಕಮ್ಮಾರರು. ಬಡತನದಿಂದಾಗಿ ಓದು, ಬರಹ, ಸ್ವಲ್ಪ ಲೆಕ್ಕ ಕಲಿತಿದ್ದೇ ಅವರ ಶಾಲೆ. 14ನೇ ವಯಸ್ಸಿಗೆ ಪುಸ್ತಕ ಬೈಂಡ್ ಮಾಡುವ ಅಂಗಡಿ ಸೇರಿ 7 ವರ್ಷ ದುಡಿದರು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿಬಿಡ್ತಿದ್ದರು. 1812ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿಯ ಭಾಷಣ ಕೇಳಿ, ಟಿಪ್ಪಣಿ ಬರೆದು, ತಾವೇ ಬೈಂಡ್ ಮಾಡಿ ಅವರಿಗೆ ಕಳಿಸಿದರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕರ ಕೆಲಸ ಸಿಕ್ಕಿತು.

1831ರ ಆಗಸ್ಟ್ 29ರಂದು ಅವರು ಸುಮಾರು 6 ಅಂಗುಲ ಅಗಲದ ಕಬ್ಬಿಣದ ಬಳೆಗೆ ಎರಡು ಕಡೆ ತಾಮ್ರದ ತಂತಿ ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದರ ತಂತಿಯ ಹತ್ತಿರ ಕಾಂತದ ಮುಳ್ಳು. ಬ್ಯಾಟರಿ ಜೋಡಿಸಿದಾಗ ಮುಳ್ಳು ಅಲುಗಿತು, ಮತ್ತೆ ಸುಮ್ಮನಾಯಿತು. ಬಿಡಿಸಿದಾಗ ಪುನಃ ಅಲುಗಿತು. ಗುಟ್ಟು ಇಷ್ಟೇ: ಕರೆಂಟು ಬದಲಾಗುವಾಗ ಮಾತ್ರ ಪಕ್ಕದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ.

ಈ ಗುಟ್ಟು ಈಗ ಮೊಬೈಲಿನ ಚಿಪ್ಪಿನೊಳಗೂ ಇದೆ ಗೊತ್ತಾ? ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ ಹಾಕಿದರೆ, 900 ಮೆಗಾಹರ್ಟ್ಸ್ ರೇಡಿಯೋ ಸಂಕೇತ 90 ಕೋಟಿ ಹಾಕುತ್ತದೆ. ಅಷ್ಟು ಬೇಗ ಬದಲಾಗುವುದರಿಂದ ಒಂದು ಮಿಲಿಮೀಟರಿಗಿಂತ ಸಣ್ಣ ಸುರುಳಿಗಳೇ ಸಾಕು, ಕಬ್ಬಿಣವೂ ಬೇಡ. ಸಿಲಿಕಾನಿನ ಮೇಲೆ ಲೋಹದ ಎರಡು ಸುರುಳಿ, ಚಕ್ಕುಲಿಯಂತೆ!

ಆದರೆ ಫ್ಯಾರಡೆಯವರ ಹಾಗೆ ಬಿಚ್ಚಿ ಮತ್ತೆ ಸುತ್ತೋಕೆ ಆಗಲ್ಲ. ಅದಕ್ಕೆ ಎಂಜಿನಿಯರರು ಚಿಪ್ ಮಾಡಿಸುವ ಮೊದಲೇ ಅದರ ಮಾದರಿ ಸರ್ಕಿಟ್ ಬರೆದು ಲೆಕ್ಕ ಹಾಕುತ್ತಾರೆ. ತಂತಿಯಲ್ಲಿ ಆಗುವ ನಷ್ಟಕ್ಕೆ ಒಂದು ರೆಸಿಸ್ಟರ್, ಕೆಳಗಿನ ಸಿಲಿಕಾನ್ ನುಂಗುವ ಶಕ್ತಿಗೆ ಇನ್ನೊಂದು, ಸುರುಳಿಗಳ ನಡುವೆ ದಾಟಿಹೋಗುವ ಸಂಕೇತಕ್ಕೆ ಕೆಪಾಸಿಟರ್. ಸುರುಳಿಗಳ ಹೊಂದಾಣಿಕೆಗೆ 0ಯಿಂದ 1ರ ಒಳಗಿನ ಒಂದು ಅಂಕಿ. ಇದರಲ್ಲಿ ಒಂದು ಬಿಟ್ಟರೂ ಲೆಕ್ಕ ತಪ್ಪುತ್ತದೆ. ಕೆಪಾಸಿಟರಿನ ಅಳತೆಗೆ ಇಟ್ಟ ಹೆಸರೇ ಫ್ಯಾರಡ್!

ಫ್ಯಾರಡೆಯವರಿಗೆ ಮಾತ್ರ ಮೇಲ್ಮಟ್ಟದ ಗಣಿತ ಬರ್ತಿರಲಿಲ್ಲ. ತಮ್ಮ ವಿಚಾರವನ್ನು ಗೆರೆ ಎಳೆದು ತೋರಿಸಿದರು. ಅದನ್ನು ಗಣಿತದಲ್ಲಿ ಬರೆದವರು ಮ್ಯಾಕ್ಸ್‌ವೆಲ್. ಇಬ್ಬರೂ ಇಲ್ಲದೆ ಇವತ್ತಿನ ಚಿಪ್ಪಿನ ಲೆಕ್ಕವಿಲ್ಲ.

ಫ್ಯಾರಡೆ ಮಕ್ಕಳಿಗಾಗಿ ಕ್ರಿಸ್‌ಮಸ್ ಭಾಷಣಗಳನ್ನೂ ಮಾಡಿದರು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬೇಡವೆಂದರು. 1867ರ ಆಗಸ್ಟ್ 25ರಂದು ತೀರಿಕೊಂಡರು.

ಗೆಳೆಯರೇ, ಅವರಿಗೆ ಹೆಚ್ಚು ಶಾಲೆ ಸಿಗಲಿಲ್ಲ, ನಮಗೆ ಸಿಕ್ಕಿದೆ. ಲೆಕ್ಕ ಕಷ್ಟ ಅಂತ, ಮನೇಲಿ ಕೆಲಸ ಇದೆ ಅಂತ ಆ ಇನ್ನೊಂದು ಟಿ.ಸಿ. ತಗೊಳ್ಳೋದು ಬೇಡ.