ಫೈಲಿಗೆ ಯಜಮಾನ ಯಾರು? ಡೆನ್ನಿಸ್ ರಿಚಿ ಬಿಟ್ಟುಹೋದದ್ದು

2011ರ ಅಕ್ಟೋಬರ್ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತಿನ ಮುಖಪುಟಗಳೆಲ್ಲ ಅವರದೇ. ಒಂದು ವಾರದ ಬಳಿಕ, 12ರಂದು, ನ್ಯೂಜೆರ್ಸಿಯ ಮನೆಯಲ್ಲಿ ಒಬ್ಬರೇ ಇದ್ದ ಡೆನ್ನಿಸ್ ರಿಚಿ ಸತ್ತಿರುವುದು ಗೊತ್ತಾಯಿತು. ಟಿವಿಯವರು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಜಾಬ್ಸ್ ಮಾರಿದ ಮ್ಯಾಕ್, ಐಫೋನ್ ಎರಡರ ಬುಡದಲ್ಲೂ ಇದ್ದದ್ದು ರಿಚಿ ಕಟ್ಟಿದ ಯುನಿಕ್ಸ್‌ನ ವಂಶವೇ!

ರಿಚಿ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಅಪ್ಪ ಬೆಲ್ ಲ್ಯಾಬ್ಸ್‌ನಲ್ಲಿದ್ದರು. 1967ರಲ್ಲಿ ಮಗನೂ ಅಲ್ಲಿಗೇ ಸೇರಿದರು. ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಪ್ರಬಂಧ ಬರೆದು ಮುಗಿಸಿದ್ದರೂ ಬೈಂಡ್ ಮಾಡಿಸಿದ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಲೇ ಇಲ್ಲ. ಹಾಗಾಗಿ ಡಾಕ್ಟರೇಟ್ ಬರಲಿಲ್ಲ.

1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್ ಎಂಬ ಭಾರೀ ಯೋಜನೆಯಿಂದ ಹೊರಬಂತು. ಸಹೋದ್ಯೋಗಿ ಕೆನ್ ಥಾಂಪ್ಸನ್ ಹೆಚ್ಚು ಯಾರೂ ಬಳಸದ ಪಿಡಿಪಿ-7 ಯಂತ್ರದ ಮೇಲೆ ಚಿಕ್ಕದೊಂದು ವ್ಯವಸ್ಥೆ ಬರೆಯತೊಡಗಿದಾಗ ರಿಚಿ ಜೊತೆಯಾದರು. ಆಗಿನ ಟೆಲಿಟೈಪ್‌ನಲ್ಲಿ ಕೀಲಿ ಒತ್ತುವುದೇ ಒಂದು ಕೂಲಿ ಕೆಲಸ. ಅದಕ್ಕೇ ಆಜ್ಞೆಗಳು ಎರಡಕ್ಷರಕ್ಕೆ ಇಳಿದವು: ಪಟ್ಟಿಗೆ ಎಲ್‌ಎಸ್, ನಕಲಿಗೆ ಸಿಪಿ, ಜಾಗ ಅಥವಾ ಹೆಸರು ಬದಲಿಸಲು ಎಂವಿ, ಅಳಿಸಲು ಆರ್‌ಎಂ. ಇಂದಿಗೂ ಹಾಗೆಯೇ. ಆರ್‌ಎಂ ಹೊಡೆದರೆ ಕಸದಬುಟ್ಟಿಯಿಂದ ಎತ್ತಿಕೊಳ್ಳೋಣ ಅಂದರೆ ಆಗಲ್ಲ, ಅಲ್ಲಿ ಬುಟ್ಟಿಯೇ ಇಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ಅನುಮತಿಯ ವಿಚಾರ. ಎಲ್‌ಎಸ್ ಜೊತೆಗೆ ಒಂದು ಗೀಟು, ಒಂದು ಎಲ್ ಸೇರಿಸಿ ನೋಡಿ. ಪ್ರತಿ ಫೈಲಿನ ಮುಂದೆ ಆರ್, ಡಬ್ಲ್ಯೂ, ಎಕ್ಸ್ ಅಕ್ಷರಗಳು: ಓದಬಹುದು, ಬರೆಯಬಹುದು, ಓಡಿಸಬಹುದು. ಒಡೆಯನಿಗೆ ಒಂದು ಹಕ್ಕು, ಗುಂಪಿಗೆ ಒಂದು, ಉಳಿದವರಿಗೆ ಇನ್ನೊಂದು. ಈ ಪಟ್ಟಿಯಲ್ಲಿ ರಿಚಿ ಸೇರಿಸಿದ್ದು ಸೆಟ್‌ಯುಐಡಿ ಎಂಬ ಒಂದೇ ಬಿಟ್. ಪಾಸ್‌ವರ್ಡ್‌ಗಳ ಫೈಲನ್ನು ಸಾಮಾನ್ಯ ಬಳಕೆದಾರ ಮುಟ್ಟುವಂತಿಲ್ಲ. ಆದರೆ ತನ್ನ ಪಾಸ್‌ವರ್ಡ್ ಬದಲಿಸಲೇಬೇಕಲ್ಲ? ಆ ಒಂದು ಪ್ರೋಗ್ರಾಂ ಓಡುವಷ್ಟು ಹೊತ್ತು ಮಾತ್ರ ಅದರ ಒಡೆಯನ ಅಧಿಕಾರ ಅವನಿಗೆ ಸಾಲ ಸಿಗುತ್ತದೆ. ಇದಕ್ಕೆ ಪೇಟೆಂಟ್ ಬಂದದ್ದು 1979ರಲ್ಲಿ. ಆಮೇಲೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಡಲಾಯಿತು. ಸಾಲದ ಅಧಿಕಾರ ದುರುಪಯೋಗವಾಗಲಿಲ್ಲ ಅಂತಲ್ಲ. ಯುನಿಕ್ಸ್‌ಗೆ ಕನ್ನ ಹಾಕಿದವರು ಈ ಬಾಗಿಲನ್ನು ಎಷ್ಟೋ ಸಲ ಬಳಸಿದ್ದಾರೆ.

1972ರ ಹೊತ್ತಿಗೆ ರಿಚಿ ಸಿ ಭಾಷೆ ರೂಪಿಸಿದರು. 1973ರಲ್ಲಿ ಯುನಿಕ್ಸ್ ಅನ್ನೇ ಸಿ ಯಲ್ಲಿ ಮರುಬರೆದರು. ಅಲ್ಲಿಂದ ಅದು ಒಂದೇ ಕಂಪನಿಯ ಯಂತ್ರಕ್ಕೆ ಕಟ್ಟುಬಿದ್ದು ಇರಬೇಕಾಗಲಿಲ್ಲ. ಬ್ರಯನ್ ಕರ್ನಿಹನ್ ಜೊತೆ 1978ರಲ್ಲಿ ತಂದ ಸಿ ಪುಸ್ತಕ ನಮ್ಮ ಇಂಜಿನಿಯರಿಂಗ್ ಹುಡುಗರಿಗೂ ಚಿರಪರಿಚಿತ.

ಇಲ್ಲಿ ರಾಜಕೀಯವೂ ಇದೆ. ಬೆಲ್ ಲ್ಯಾಬ್ಸ್‌ನ ಒಡೆಯ ಎಟಿ&ಟಿ, ಅಮೆರಿಕದ ಫೋನ್ ಏಕಸ್ವಾಮ್ಯ. ಸರ್ಕಾರ ಕೇಸು ಹಾಕಿ, 1956ರ ಒಪ್ಪಂದದಲ್ಲಿ ಬೇರೆ ವ್ಯಾಪಾರಕ್ಕೆ ಇಳಿಯದಂತೆ ಕಟ್ಟಿಹಾಕಿತ್ತು. ಹಾಗಾಗಿ ಯುನಿಕ್ಸ್ ಸೋರ್ಸ್ ಕೋಡ್ ಸಮೇತ ಅಗ್ಗದಲ್ಲಿ ವಿಶ್ವವಿದ್ಯಾಲಯಗಳಿಗೆ ಹೋಯಿತು, ವಿದ್ಯಾರ್ಥಿಗಳು ಬಿಚ್ಚಿ ನೋಡಿ ಕಲಿತರು. 1984ರಲ್ಲಿ ಎಟಿ&ಟಿ ಒಡೆದು, ಆ ಕಟ್ಟು ಸಡಿಲವಾದ ಮೇಲೆ ಯುನಿಕ್ಸ್ ದುಬಾರಿ ಸರಕಾಯಿತು. ರಿಚಿಗೆ ಅಷ್ಟರಲ್ಲಿ, 1983ರಲ್ಲಿ, ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದೇ ಮಾದರಿಯಲ್ಲಿ, ರಿಚಿಯ ಸಿ ಭಾಷೆಯಲ್ಲೇ, ಲಿನಕ್ಸ್ ಬರೆಯಲು ಕೂತರು. ಆಂಡ್ರಾಯ್ಡ್ ಫೋನಿನಲ್ಲಿ ಈಗ ಓಡುತ್ತಿರುವುದು ಅದೇ ಲಿನಕ್ಸ್.