ಆಪ್ಟ್ ಕಮ್ಯಾಂಡಿನ ಹಿಂದಿನ ಇಯಾನ್ ಮರ್ಡಾಕ್

ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ನಮ್ಮಲ್ಲಿ ಬಹಳ ಜನ ಮೊದಲು ಟೈಪ್ ಮಾಡೋದು ‘ಸುಡೋ ಆಪ್ಟ್ ಇನ್‌ಸ್ಟಾಲ್’. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರ ಜೊತೆ ಈ ಆಪ್ಟ್‌ನ 3.0 ಆವೃತ್ತಿ ಬಂದಿದೆ. ಇನ್‌ಸ್ಟಾಲ್ ಆಗುವ ಪ್ಯಾಕೇಜುಗಳ ಹೆಸರು ಹಸಿರು ಬಣ್ಣದಲ್ಲಿ, ತೆಗೆದುಹಾಕುವಂಥವು ಕೆಂಪಿನಲ್ಲಿ, ಎಲ್ಲವೂ ಅಚ್ಚುಕಟ್ಟಾಗಿ ಕಾಲಂಗಳಲ್ಲಿ ಕಾಣುತ್ತವೆ. ತೆಗೆಯುವ ಪಟ್ಟಿ ಕೊನೆಗೆ ಬರೋದರಿಂದ, ಇಡೀ ಡೆಸ್ಕ್‌ಟಾಪೇ ಹಾರಿಹೋಗೋದಿದ್ರೆ ‘ವೈ’ ಒತ್ತುವ ಮೊದಲೇ ಕಣ್ಣಿಗೆ ಬೀಳುತ್ತೆ. ಯಾವ ಪ್ಯಾಕೇಜಿಗೆ ಯಾವುದು ಬೇಕು ಅಂತ ಲೆಕ್ಕ ಹಾಕೋಕೆ ಹೊಸ ಸಾಲ್ವರ್ ಕೂಡ ಇದೆ. ಒಂದು ದಾರಿ ಮುಚ್ಚಿದ್ರೆ ಅದು ಹಿಂದೆ ಬಂದು ಇನ್ನೊಂದು ದಾರಿ ಹುಡುಕುತ್ತೆ.

ಇದನ್ನೆಲ್ಲ ನೋಡೋಕೆ ಡೆಬಿಯನ್ ಶುರು ಮಾಡಿದ ಇಯಾನ್ ಮರ್ಡಾಕ್ ಇರಲಿಲ್ಲ.

1973ರ ಏಪ್ರಿಲ್ 28ರಂದು ಆಗಿನ ಪಶ್ಚಿಮ ಜರ್ಮನಿಯ ಕೋನ್‌ಸ್ಟಾಂಜ್‌ನಲ್ಲಿ ಹುಟ್ಟಿದ ಇಯಾನ್, ಓದಿದ್ದು ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಆಗ ಚಾಲ್ತಿಯಲ್ಲಿದ್ದ ಎಸ್‌ಎಲ್‌ಎಸ್ ಅನ್ನೋ ಲಿನಕ್ಸ್ ವಿತರಣೆ ತುಂಬ ಬಗ್‌ಗಳಿಂದ ಕೂಡಿತ್ತು. ಬೈದು ಸುಮ್ಮನಾಗದೆ, 1993ರ ಆಗಸ್ಟ್ 16ರಂದು ಹೊಸ ವಿತರಣೆಯೊಂದನ್ನು ಘೋಷಿಸಿದರು. ಆಗ ಅವರಿಗೆ 20 ವರ್ಷ, ಅಂದರೆ ನಮ್ಮದೇ ವಯಸ್ಸು! ಆಗಿನ ಗೆಳತಿ ಡೆಬ್ರಾ ಹೆಸರಿಗೆ ತಮ್ಮ ಹೆಸರು ಸೇರಿಸಿ ‘ಡೆಬಿಯನ್’ ಅಂತ ಕರೆದರು.

ಇಡೀ ಆಪರೇಟಿಂಗ್ ಸಿಸ್ಟಮ್ಮನ್ನು ಒಬ್ಬರೇ ನೋಡಿಕೊಳ್ಳೋದು ಆಗದ ಮಾತು. ಹಾಗಾಗಿ ಕೆಲಸವನ್ನು ಹಂಚಬೇಕಿತ್ತು. ಒಂದು ಎಡಿಟರ್ ಒಬ್ಬರ ಹೊಣೆ, ಒಂದು ಕಂಪೈಲರ್ ಇನ್ನೊಬ್ಬರ ಹೊಣೆ. ಆದರೆ ಬೇರೆ ಬೇರೆ ಊರುಗಳಲ್ಲಿ ಕೂತವರು ಮಾಡಿದ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರಬೇಕಲ್ಲ? ಅದಕ್ಕೆ ಬೇಕಾದ ಟೂಲ್ ‘ಡಿಪಿಕೆಜಿ’. 1994ರ ಆರಂಭದಲ್ಲಿ ಇಯಾನ್ ಬರೆದ ಅದರ ಮೊದಲ ರೂಪ ಬರೀ ಒಂದು ಶೆಲ್ ಸ್ಕ್ರಿಪ್ಟ್. ಅದೇ ವರ್ಷ ಇಯಾನ್ ಜ್ಯಾಕ್ಸನ್ ಅನ್ನೋ ಇನ್ನೊಬ್ಬ ಇಯಾನ್ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಇವತ್ತಿಗೂ ಆಪ್ಟ್ ಪ್ಯಾಕೇಜುಗಳನ್ನು ಹುಡುಕಿ ತರುತ್ತೆ, ಬಿಚ್ಚಿ ಜಾಗಕ್ಕೆ ಕೂರಿಸೋದು ಡಿಪಿಕೆಜಿಯೇ.

1996ರ ಮಾರ್ಚ್‌ನಲ್ಲಿ ಇಯಾನ್ ಮುಂದಾಳತ್ವವನ್ನು ಬ್ರೂಸ್ ಪೆರೆನ್ಸ್ ಕೈಗೆ ಕೊಟ್ಟು ಹೊರಬಂದರು. ಆಪ್ಟ್ ಬಂದದ್ದು ಅದಾದ ಮೇಲೆ, ಬೇರೆಯವರ ಕೈಯಿಂದ. ಇಯಾನ್ ಹೋದ ಕಡೆಯೆಲ್ಲ ಪ್ಯಾಕೇಜಿಂಗ್ ಅವರ ಬೆನ್ನು ಬಿಡಲಿಲ್ಲ. 2007ರಲ್ಲಿ ಸನ್ ಕಂಪನಿ ಸೇರಿ ‘ಪ್ರಾಜೆಕ್ಟ್ ಇಂಡಿಯಾನಾ’ ನಡೆಸಿದರು. ಅದರಿಂದ ಬಂದ ಓಪನ್‌ಸೋಲಾರಿಸ್‌ಗೂ ಹೊಸ ಪ್ಯಾಕೇಜ್ ವ್ಯವಸ್ಥೆ ಬಂತು. 2015ರಲ್ಲಿ ಡಾಕರ್ ಸೇರಿದರು. ಅದೇ ವರ್ಷ ಡಿಸೆಂಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ವಯಸ್ಸು ಬರೀ 42.

2017ರ ಡೆಬಿಯನ್ 9ನ್ನು ಅವರ ನೆನಪಿಗೆ ಅರ್ಪಿಸಲಾಯಿತು. ಶುರು ಮಾಡಿದವರು ಬಿಟ್ಟುಹೋದರೆ ಬಾಗಿಲು ಹಾಕುವ ಪ್ರಾಜೆಕ್ಟುಗಳನ್ನು ನಾವು ಕ್ಯಾಂಪಸ್ಸಿನಲ್ಲೇ ಬೇಕಾದಷ್ಟು ನೋಡ್ತೀವಿ. ಸೀನಿಯರ್ ಪಾಸಾದ ಮರುದಿನವೇ ಕೋಡ್ ಅನಾಥ. ಡೆಬಿಯನ್‌ಗೆ ಹಾಗಾಗಲಿಲ್ಲ, ಯಾಕಂದ್ರೆ ಕೆಲಸ ಮೊದಲಿನಿಂದಲೇ ಹಲವರ ಹೆಸರಲ್ಲಿತ್ತು.

ಬೇಕಿದ್ರೆ ‘ಆಪ್ಟ್ ಶೋ’ ಅಂತ ಕೊಟ್ಟು, ಪಕ್ಕದಲ್ಲಿ ಯಾವುದಾದರೂ ಪ್ಯಾಕೇಜಿನ ಹೆಸರು ಬರೆದು ನೋಡಿ. ‘ಮೇಂಟೇನರ್’ ಅನ್ನೋ ಸಾಲಿನಲ್ಲಿ ಅದರ ಹೊಣೆ ಹೊತ್ತವರು ಯಾರು ಅಂತ ಇರುತ್ತೆ. ಡೆಬಿಯನ್ ಇನ್‌ಸ್ಟಾಲರ್ ಕನ್ನಡದಲ್ಲೂ ಇದೆ, ಅದೂ ಯಾರೋ ಕೂತು ಮಾಡಿದ ಕೆಲಸವೇ. ನಮ್ಮ ಜೂನಿಯರ್‌ಗಳು ಹೀಗೆ ಹುಡುಕುವಾಗ ಅಲ್ಲೊಂದು ನಮ್ಮ ಕಾಲೇಜಿನವರ ಹೆಸರೂ ಸಿಗಲಿ ಅನ್ನೋದು ನಮ್ಮ ಆಸೆ.